ಗಿರಿಜಾ ಡಾಕ್ಟರ ಎರಡು ಬೆರಳು

ಡಾಕ್ಟರ್ ಗಿರಿಜಾ ಅವರನ್ನು ನಾನು ಮೊದಲ ಸಲ ನೋಡಿದ್ದು ಬೆನ್ನ ಕಡೆಯಿಂದ. ಬಿಳಿ ಕೋಟು, ಕ್ಲಿಪ್ಪು ಹಾಕಿ ಮೇಲೆತ್ತಿ ಕಟ್ಟಿದ ನರೆಗೂದಲು, ಕಾಲಿಗೆ ಹವಾಯಿ ಚಪ್ಪಲಿ. ಎರಡೂ ಕೈ ಹಿಂದಕ್ಕೆ. ಆ ಕೈಗಳಲ್ಲಿ, ತೊಡೆಯ ಹಿಂಭಾಗಕ್ಕೆ ತಾಗಿಕೊಂಡ ಹಾಗೆ, ಎರಡು ತುದಿಗೂ ತೂಕದ ಪ್ಲೇಟು ಸಿಕ್ಕಿಸಿದ ಉದ್ದನೆಯ ಕಬ್ಬಿಣದ ರಾಡು. ನಾನು ನೋಡುತ್ತಿದ್ದ ಹಾಗೆಯೇ ಅವರ ಭುಜಗಳೆರಡೂ ನಿಧಾನವಾಗಿ ಮೇಲೆದ್ದವು, ಕಿವಿಯ ಹತ್ತಿರ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಂತವು, ಹತ್ತಿದ್ದಕ್ಕಿಂತ ನಿಧಾನವಾಗಿ ಕೆಳಗಿಳಿದವು. ಮೊಣಕೈ ಮಡಿಸಲಿಲ್ಲ, ಸೊಂಟ ಅಲ್ಲಾಡಲಿಲ್ಲ. ಮತ್ತೆ ಮೇಲೆ, ಮತ್ತೆ ಕೆಳಗೆ. ಇಷ್ಟೇ ವ್ಯಾಯಾಮ.

ನಾನು ಹೋಗಿದ್ದು ಹಲ್ಲು ತೋರಿಸಲು. ಬಲಗೆನ್ನೆ ಊದಿ, ಬಾಯಲ್ಲಿ ಇಡೀ ನಿಂಬೆಹಣ್ಣು ಇಟ್ಟುಕೊಂಡವಳ ಹಾಗಾಗಿದ್ದೆ. ವಡೋದರಾಕ್ಕೆ ಕೆಲಸಕ್ಕೆ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಆಫೀಸಿನವರು ಅಲ್ಕಾಪುರಿಯ ಈ ಕ್ಲಿನಿಕ್ಕಿನ ಹೆಸರು ಹೇಳಿ, "ಡಾಕ್ಟರ್ ಸ್ವಲ್ಪ ವಿಚಿತ್ರ, ಆದರೆ ಕೈ ಒಳ್ಳೇದು" ಅಂದಿದ್ದರು. ವಿಚಿತ್ರ ಅಂದರೆ ಇದು ಅಂತ ಯಾರಿಗೆ ಗೊತ್ತು! ಕಾಯುವವರು ಕೂರುವ ಹಾಲಿಗೆ ಅಂಟಿಕೊಂಡ ಚಿಕ್ಕ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ನಾನು ಬಾಯಿ ಹಿಡಿದುಕೊಂಡು ಅದರೊಳಗೇ ನೋಡುತ್ತಾ ನಿಂತೆ. ಸಹಾಯಕಿ ಹಂಸಾಬೆನ್, ಮೇಡಂ ಚಹಾ ಕುಡಿಯುತ್ತಿದ್ದಾರೆ ಅನ್ನುವಷ್ಟು ಸಹಜವಾಗಿ, "ಬೆನ್ ವಜನ್ ಉಪಾಡೇ ಛೇ, ಬೇಸೋ" ಅಂದರು. ಮೇಡಂ ತೂಕ ಎತ್ತುತ್ತಿದ್ದಾರೆ, ಕೂತುಕೊಳ್ಳಿ ಅಂತ.

"ಅಯ್ಯೋ ಶಿವನೇ, ಈ ಪೈಲ್ವಾನಮ್ಮನ ಕೈಗೆ ನನ್ನ ಹಲ್ಲು ಕೊಡೋದಾ!" ಎಂದು ನನ್ನಷ್ಟಕ್ಕೆ ಗೊಣಗಿದೆ. ಈ ಊರಲ್ಲಿ ನನ್ನ ಹಾಸನದ ಕನ್ನಡ ಯಾರಿಗೆ ಅರ್ಥವಾಗಬೇಕು ಅನ್ನುವ ಧೈರ್ಯ.

ಒಳಗೆ ರಾಡು ಗೋಡೆಯ ಕೊಕ್ಕೆಗಳ ಮೇಲೆ ಕೂತ ಸದ್ದು. ಹಿಂದೆಯೇ ದನಿ: "ಕೊಡವಾ ತಂಗಿ, ಕೊಡು. ಜ್ವಾಕಿಲೆ ನೋಡಿ ವಾಪಸ್ ಕೊಡ್ತೀನಿ. ಇಟ್ಕೊಂಡು ನಾ ಏನ್ ಮಾಡ್ಲಿ?"

ನೋವಿಗಿಂತ ನಾಚಿಕೆಯೇ ಹೆಚ್ಚಾಗಿ ಕುರ್ಚಿಯಲ್ಲಿ ಕೂತೆ. ನೋವು ಯಾವಾಗ ಶುರುವಾಯಿತು, ಏನು ತಿಂದರೆ ಹೆಚ್ಚುತ್ತದೆ, ಊರಲ್ಲಿ ಅಮ್ಮ ಲವಂಗ ಇಟ್ಟುಕೋ ಅಂದಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳತೊಡಗಿದೆ. ಅವರು ಕೈಗವಸು ಹಾಕಿಕೊಳ್ಳುತ್ತಾ ಅಂದರು, "ನೀ ಹೇಳೂದು ಬ್ಯಾಡ. ಬಾಯಿ ತಗಿ."

ಇದು ಅವರು ದಿನವಿಡೀ ಹೇಳುವ ಮಾತು ಅಂತ ಆಮೇಲೆ ತಿಳಿಯಿತು. ಕನ್ನಡ, ಗುಜರಾತಿ, ಹಿಂದಿ, ಯಾವ ಭಾಷೆಯ ರೋಗಿ ಬಂದರೂ ಇದೇ. ಜನ ನೋವಿನ ಬಗ್ಗೆ ಹೇಳುವುದನ್ನು ಅವರು ಒಂಚೂರೂ ನಂಬುತ್ತಿರಲಿಲ್ಲ. ಎಡಗಡೆ ನೋಯುತ್ತಿದೆ ಅಂದವರ ಬಲಗಡೆ ತಟ್ಟಿ ಕಿರುಚಿಸಿದವರು. ಅಡಿಕೆ ತಂಬಾಕಿನ ಮಾವಾ ಬಿಟ್ಟು ವರ್ಷವಾಯಿತು ಅಂದ ಒಬ್ಬ ದೊಡ್ಡ ಮನುಷ್ಯರಿಗೆ ಬಾಯಿ ತೆಗೆಸಿ, ಕೈಕನ್ನಡಿ ಕೊಟ್ಟು, ಕೆಂಪು ಕಲೆಗಳನ್ನು ಅವರೇ ನೋಡಿಕೊಳ್ಳುವ ಹಾಗೆ ಮಾಡಿದ್ದನ್ನು ನಾನು ಹಾಲಿನಲ್ಲಿ ಕೂತು ಕೇಳಿದ್ದೇನೆ. "ಮಂದಿ ಸುಳ್ಳು ಹೇಳ್ತಾರ ಅಂತಲ್ಲ ತಂಗಿ," ಅನ್ನುತ್ತಿದ್ದರು, "ಅವರಿಗೇ ಗೊತ್ತಿರೂದಿಲ್ಲ. ನನಗ ಕಣ್ಣಿಗಿ ಕಾಣಬೇಕು, ಇಲ್ಲಾ ಕೈಗಿ ಹತ್ತಬೇಕು."

ಅವರು ಧಾರವಾಡದವರು. ಗಂಡನಿಗೆ ವಡೋದರಾದ ಸರ್ಕಾರಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಬಂದವರು, ಗಂಡ ತೀರಿಕೊಂಡ ಮೇಲೂ ಕ್ಲಿನಿಕ್ ಬಿಟ್ಟು ಹೋಗಲಿಲ್ಲ. ಗುಜರಾತಿಯನ್ನು ಧಾರವಾಡದ ರಾಗದಲ್ಲಿ ಮಾತಾಡುತ್ತಿದ್ದರು. ಗರಿಗರಿ ಗುಜರಾತಿ ಖಾಖ್ರಾ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಮೊಸರು ಕಲಸಿ ತಿನ್ನುತ್ತಿದ್ದರು. ಹಂಸಾಬೆನ್‌ಗೂ ಅದರ ಚಟ ಹತ್ತಿಸಿದ್ದರು.

ಕುರ್ಚಿಯಲ್ಲಿ ಕೂತ ನನಗೆ ಚುಚ್ಚುಮದ್ದಿನ ಸೂಜಿ ಕಂಡದ್ದೇ ತಡ, ಮೈಯೆಲ್ಲ ಬಿಗಿಯಿತು. ಅವರು ಸೂಜಿಯನ್ನು ಮರೆಮಾಡಿ, "ಭುಜ ಎತ್ತು" ಅಂದರು.

"ಆಂ?"

"ಕಿವಿಗೆ ಹಚ್ಚು ಭುಜ. ಇನ್ನಷ್ಟು. ಎಷ್ಟು ಹೆದರಿಕಿ ಅದ ಅಷ್ಟೂ ಹಾಕಿ ಎತ್ತು. ಹಾಂ, ಈಗ ಬಿಡು."

ಬಿಟ್ಟೆ. ಬಿಟ್ಟ ಆ ಗಳಿಗೆಯಲ್ಲಿ ಸೂಜಿ ಒಳಗೆ ಹೋಗಿ ಹೊರಗೂ ಬಂದಿತ್ತು. ಒಂದು ಇರುವೆ ಕಚ್ಚಿದಷ್ಟೂ ಆಗಲಿಲ್ಲ! ಹೆದರಿದ ಮನುಷ್ಯ ತನಗೆ ಗೊತ್ತಿಲ್ಲದೆ ಭುಜ ಎತ್ತಿ ಕೂತಿರುತ್ತಾನೆ, ಇಳಿಸು ಅಂದರೆ ಇಳಿಸಲು ಬರುವುದಿಲ್ಲ, ಅದಕ್ಕೇ ಮೊದಲು ಇನ್ನೂ ಎತ್ತಿಸಬೇಕು, ಆಗ ತಾನೇ ಸುಸ್ತಾಗಿ ಇಳಿಯುತ್ತದೆ. ಇದು ಅವರು ರಾಡು ಎತ್ತುತ್ತಾ ಕಂಡುಕೊಂಡ ಉಪಾಯ. ಹಾಲಿನಲ್ಲಿ ಕೂತವರಿಗೆ ಒಳಗಿನಿಂದ ಆಗಾಗ "ಖಭಾ ಊಂಚಾ ಕರೋ... ಹಜೀ ಊಂಚಾ... ಛೋಡೀ ದೋ" ಎಂಬ ಆಜ್ಞೆ ಕೇಳುತ್ತಿತ್ತು. ಹಳೆಯ ರೋಗಿಗಳಂತೂ ಕುರ್ಚಿಗೆ ಬೆನ್ನು ತಾಗಿದ ಕೂಡಲೇ ಹೇಳಿಸಿಕೊಳ್ಳದೆ ಭುಜ ಎತ್ತಿ ತಯಾರಾಗುತ್ತಿದ್ದರು.

ನನ್ನ ಹಲ್ಲು ಒಂದು ವಾರದಲ್ಲಿ ಸರಿಹೋಯಿತು. ಕುತೂಹಲ ಸರಿಹೋಗಲಿಲ್ಲ. ನನ್ನದು ಕೆಟ್ಟ ಕುತೂಹಲ, ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಜಗಳವಾಡುತ್ತಿದ್ದರೆ ನನ್ನ ಸ್ಟಾಪು ಬಂದರೂ ಇಳಿಯದವಳು ನಾನು. ಹಲ್ಲಿನ ಡಾಕ್ಟರಿಗೆ ರಾಡು ಯಾಕೆ? ಎತ್ತುವುದಾದರೆ ಎಲ್ಲರ ಹಾಗೆ ಮುಂದೆ ಹಿಡಿದು ಎತ್ತಬಾರದೇ, ಬೆನ್ನ ಹಿಂದೆ ಯಾಕೆ? ಹಲ್ಲಿಗೆಂದು ಕೊನೆಯ ಸಲ ಹೋದಾಗ ಕೇಳಿಯೇ ಬಿಟ್ಟೆ.

ಅವರು ಉತ್ತರ ಕೊಡುವ ಬದಲು ನನ್ನನ್ನು ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲಿಸಿದರು. "ತಲಿ ಹಚ್ಚು." ನನ್ನ ತಲೆ ಚೌಕಟ್ಟಿಗೆ ತಾಗಲಿಲ್ಲ. ಹಿಂದಕ್ಕೆ ವಾಲಿಸಿದರೆ ಮೂಗು ಮೇಲಾಗುತ್ತಿತ್ತೇ ಹೊರತು ತಲೆ ತಾಗದು. ನಾನು ಕಾರ್ಖಾನೆಗಳ ಬಾಯ್ಲರಿನ ನಕ್ಷೆ ಬರೆಯುವವಳು, ಬೆಳಗಿನಿಂದ ಸಂಜೆಯವರೆಗೆ ಎರಡು ಸ್ಕ್ರೀನಿನ ಮುಂದೆ ಕತ್ತು ಚಾಚಿ ಕೂರುವುದೇ ಕೆಲಸ. "ನೋಡಿದೀ?" ಅಂದರು. "ನಿನ್ನ ವಯಸ್ಸಿಗೇ ಹಿಂಗಾದ್ರ ಮುಂದ ಹೆಂಗ? ನಾನಂತೂ ಅರ್ಧ ಆಯುಷ್ಯ ಮಂದಿ ಬಾಯಾಗ ಬಗ್ಗೀನಿ. ಬೆನ್ನು ಮ್ಯಾಲಿಂದ ಕುಸಕೋತ ಬರ್ತದ."

ಆಮೇಲೆ ಹಿಂದೆ ಹಿಡಿಯುವುದರ ಕಥೆ ಹೇಳಿದರು. "ಮದ್ಲ ನಾನೂ ಮುಂದನ ಹಿಡದ ಎತ್ತತಿದ್ದೆ. ಜಿಮ್ಮಿನಾಗ ಹಂಗ ಕಲಿಸಿದ್ರು. ಆದ್ರ ನಂದು ಮದ್ಲ ಮುಂದ ಬಿದ್ದ ಭುಜ, ಮುಂದ ತೂಕ ಹಿಡದ್ರ ಇನ್ನೂ ಮುಂದ ಬರ್ತಿದ್ವು. ಒಂದಿನ ಜಿಮ್ಮಿನಾಗ ಭಾಳ ಗದ್ದಲ. ರಾಡಿನ ಸ್ಟ್ಯಾಂಡಿಗೆ ಬೆನ್ನ ಮಾಡಿ ನಿಂತಿದ್ದೆ. ಸುಮ್ನ ಕೈ ಹಿಂದ ಹಾಕಿ ಹಿಡದೆ, ಎತ್ತಿದೆ. ಏ ತಂಗಿ, ಎದಿ ತಾನ ತೆರೀತು ನೋಡು! ಇಷ್ಟು ವರ್ಷ ಈ ಎದಿ ಎಲ್ಲಿತ್ತು ಅನ್ನಿಸ್ತು." ಹೇಳುತ್ತಾ ಗಹಗಹಿಸಿ ನಕ್ಕರು. ಮತ್ತೆ, "ದಿನಾ ಸಣ್ಣ ಕನ್ನಡ್ಯಾಗ ನೋಡಿ ನೋಡಿ ಕೆಲಸ ಮಾಡಾಕಿ ನಾನು. ಇದೊಂದು ಕಣ್ಣಿಗಿ ಕಾಣದಂಗ ಮಾಡೂದು. ಅದಕ್ಕ ಮನಸ್ಸಿಗೆ ಹಿಡೀತು" ಅಂದರು.

ಅವರ ಗಂಡನ ಕಂಪನಿಯ ಕ್ಲಬ್ಬಿನಲ್ಲಿ ಹೊಸ ಜಿಮ್ ಮಾಡಿದಾಗ ಹಳೆಯ ರಾಡನ್ನು ಕೇಳಿ ತಂದಿದ್ದರಂತೆ. ಎಕ್ಸ್‌ರೇ ತೆಗೆಯುವ ಆ ಚಿಕ್ಕ ಕೋಣೆಯ ಗೋಡೆಗೆ ಬಡಗಿಯಿಂದ ತೊಡೆಯೆತ್ತರಕ್ಕೆ ಎರಡು ಗಟ್ಟಿ ಕೊಕ್ಕೆ ಹಾಕಿಸಿದ್ದರು. ಬೆನ್ನು ಮಾಡಿ ನಿಂತು, ಕೈ ಹಿಂದೆ ಹಾಕಿ, ರಾಡು ಎತ್ತಿಕೊಂಡು ಒಂದು ಹೆಜ್ಜೆ ಮುಂದೆ ಬರಬೇಕು. ಕೊಕ್ಕೆಗಳು ಅವರ ಎತ್ತರಕ್ಕೆ ಇದ್ದವು. ನಾನು ಗಿಡ್ಡಿ. ನನಗೂ ಕಲಿಸಿ ಅಂತ ನಾಚಿಕೆ ಬಿಟ್ಟು ಕೇಳಿಕೊಂಡು, ಮರುವಾರ ಆಫೀಸಿಗೆ ಹೋಗುವ ಮುಂಚೆ ಹೋದಾಗ ಅವರು ಮನೆಯಿಂದ ಊಟದ ಮಣೆ ತಂದಿಟ್ಟಿದ್ದರು. ಧಾರವಾಡದಿಂದ ಬಂದ ತೇಗದ ಮಣೆ. ನೆಲದ ಮೇಲೆ ಊಟಕ್ಕೆ ಕೂರುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. "ಹತ್ತಿ ನಿಲ್ಲು. ಅನ್ನಪೂರ್ಣೇಶ್ವರಿ ಏನೂ ಅನ್ನೂದಿಲ್ಲ."

ಕಲಿಸುವ ರೀತಿಯೂ ಅವರದೇ. ಭುಜವನ್ನು ಗುಂಡಗೆ ತಿರುಗಿಸಿದರೆ ಬೈಗುಳ, ಮೊಣಕೈ ಮಡಿಸಿದರೆ ಬೈಗುಳ, ಗಲ್ಲ ಮುಂದೆ ಬಂದರೆ ತಲೆಗೊಂದು ಮೊಟಕು. ನೇರ ಮೇಲೆ, ಸ್ವಲ್ಪ ಹಿಂದೆ, ಅಲ್ಲಿ ತಡೆ, ನಿಧಾನ ಇಳಿಸು. ನಾನು ಮೇಲೆತ್ತಿ ನಿಂತಾಗ ಅವರು ನನ್ನ ಹಿಂದೆ ಬಂದು, ಎಡಗೈಯ ತೋರುಬೆರಳು, ನಡುಬೆರಳನ್ನು ಜೋಡಿಸಿ, ಎರಡು ಹೆಗಲ ಮೂಳೆಗಳ ನಡುವೆ ಇಡುತ್ತಿದ್ದರು.

"ಬೆರಳು ಹಿಡಿ."

"ಕೈಯಲ್ಲಿ ರಾಡಿದೆಯಲ್ಲ ಡಾಕ್ಟ್ರೇ?"

"ಕೈಯಿಂದಲ್ಲ. ಬೆನ್ನಿನಿಂದ ಹಿಡಿ."

ಬೆನ್ನಿನಿಂದ ಏನನ್ನಾದರೂ ಹಿಡಿಯಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಕೆಲವು ದಿನ ಬರೀ ಮೈ ತಿರುಚಿದೆ. ಒಂದು ಬೆಳಿಗ್ಗೆ ಮಾತ್ರ ಒಳಗೆಲ್ಲೋ ಎರಡು ಹಲಗೆಗಳು ಹತ್ತಿರ ಸರಿದ ಹಾಗಾಗಿ ಅವರ ಬೆರಳು ನಡುವೆ ಸಿಕ್ಕಿಕೊಂಡಿತು. "ಹಿಡದೀ!" ಎಂದು ಕೂಗಿದರು ನೋಡಿ, ಹಂಸಾಬೆನ್ ಏನಾಯಿತೋ ಅಂತ ಓಡಿ ಬಂದರು. ನನ್ನ ಬೆನ್ನಿನಲ್ಲಿ ಇಂಥದ್ದೊಂದು ಜಾಗ ಇದೆ ಅಂತ ಇಪ್ಪತ್ತೇಳು ವರ್ಷ ನನಗೆ ತಿಳಿಸಿದವರೇ ಇರಲಿಲ್ಲ. ಅವತ್ತಿಡೀ ಆಫೀಸಿನಲ್ಲಿ ಹೊಸ ಬಳೆ ತೊಟ್ಟವಳ ಹಾಗೆ ಆಗಾಗ ಬೆನ್ನು ಹಿಂಡಿ ಖುಷಿಪಟ್ಟೆ.

ಇನ್ನೊಂದು ವಿಷಯ ನನಗೆ ಒಗಟಾಗಿತ್ತು. ರಾಡನ್ನು ಕೊಕ್ಕೆಗೆ ಇಟ್ಟ ಕೂಡಲೇ ಅವರು ಕೋಟಿನ ಜೇಬಿನಿಂದ ಬಾಯಿ ನೋಡುವ ಪುಟ್ಟ ಕನ್ನಡಿ ತೆಗೆದು, ಎಡಗೈಯಲ್ಲಿ ಟ್ಯೂಬ್‌ಲೈಟಿಗೆ ಹಿಡಿಯುತ್ತಿದ್ದರು. ಎದುರು ಗೋಡೆಯ ಕ್ಯಾಲೆಂಡರಿನ ಮೇಲೆ ನಾಣ್ಯದಷ್ಟು ಬೆಳಕು ಬೀಳುತ್ತಿತ್ತು. ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆಮೇಲೆ ಕನ್ನಡಿ ಜೇಬಿಗೆ. ಪ್ರತಿ ಸಲ ಹೀಗೇ. ಮೊದಲು ಯಾವುದೋ ವ್ರತ ಇರಬೇಕು ಅಂದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ.

"ಅದೇನು ನೋಡ್ತೀರಿ ಡಾಕ್ಟ್ರೇ?"

"ಅಲ್ಲಾಡ್ತದೋ ಇಲ್ಲೋ ನೋಡ್ತೀನಿ."

ಅವತ್ತು ಅವರು ಎಲ್ಲ ಹೇಳಿದರು, ತಮ್ಮದಲ್ಲ, ಯಾರೋ ರೋಗಿಯ ವಿಷಯ ಹೇಳುವ ದನಿಯಲ್ಲಿ. ಕತ್ತಿನ ಮೂಳೆಗಳ ನಡುವಿನ ಡಿಸ್ಕು ಜಾರಿ ಎಡಗೈಗೆ ಹೋಗುವ ನರವನ್ನು ಒತ್ತುತ್ತಿದೆ. ಆಗಾಗ ಕೈ ಜುಮ್ಮೆನ್ನುತ್ತದೆ. ಸ್ಪೆಷಲಿಸ್ಟ್ ಎರಡು ದಾರಿ ಹೇಳಿದ್ದಾರೆ: ಆಪರೇಷನ್ ಮಾಡಿಸಿಕೊಳ್ಳಿ, ಇಲ್ಲವೇ ಬಗ್ಗಿ ಮಾಡುವ ಕೆಲಸ ಬಿಡಿ. ಆಪರೇಷನ್ ಆದರೂ ಮತ್ತೆ ಡ್ರಿಲ್ ಹಿಡಿಯುವ ಖಾತರಿ ಇಲ್ಲ. ಇವರು ಸ್ವಲ್ಪ ಕಾಲ ಕೊಡಿ ಅಂತ ಹಟ ಮಾಡಿ, ಫಿಸಿಯೋಥೆರಪಿಯವರನ್ನು ಕೇಳಿ, ಸಣ್ಣ ಪ್ಲೇಟು ಹಾಕಿ, ಬೆನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಮೇಲುಬೆನ್ನು ಗಟ್ಟಿಯಾದರೆ ಕತ್ತಿನ ಭಾರ ಅದು ಹೊತ್ತೀತು, ಕೆಲಸ ಉಳಿದೀತು, ಇದು ಅವರ ಲೆಕ್ಕ.

"ಕೆಲಸ ಬಿಟ್ರೆ ಏನಾಗುತ್ತೆ? ಇಷ್ಟು ವರ್ಷ ಮಾಡಿದ್ದೀರಲ್ಲ," ಅಂದೆ. ಯಾಕೆ ಅಂದೆನೋ.

ಅವರು ನನ್ನನ್ನು ಒಂದು ಥರಾ ನೋಡಿದರು. "ಮನ್ಯಾಗ ಕುಂತು ಏನ್ ಮಾಡ್ಲಿ? ಟೀವಿ ಮಂದಿ ಹಲ್ಲು ನೋಡ್ಲೇನು?" ಅಂದರು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಮೆತ್ತಗೆ, "ನನಗ ಬ್ಯಾರೆ ಏನೂ ಬರೂದಿಲ್ಲ ತಂಗಿ" ಅಂದರು. "ಕೈ ನಡುಗಿತು ಅಂದ್ರ ಆ ದಿನಾನ ಬಾಗಲಾ ಹಾಕತೀನಿ. ಮಂದಿ ಬಾಯಾಗ ನಡಗೂ ಕೈ ಇಡಬಾರದು. ಈ ಬೆಳಕು ನಿಂತಿರೂತನಕ ನಾನೂ ನಿಂತಿರ್ತೀನಿ."

ಅಂದಿನಿಂದ ಆ ಬೆಳಕಿನ ಚುಕ್ಕೆ ನನಗೂ ಕಾಳಜಿಯಾಯಿತು. ರಾಡು ಇಳಿಸಿದ ಕೂಡಲೇ ನಾನೂ ಕ್ಯಾಲೆಂಡರಿನ ಕಡೆ ತಿರುಗುತ್ತಿದ್ದೆ. ಅದು ಅಂಟಿಸಿದ ಹಾಗೆ ನಿಂತಿರುತ್ತಿತ್ತು. ನಿಂತಷ್ಟು ಹೊತ್ತು ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ.

ಆ ವರ್ಷದ ದಸರೆಗೆ ಅವರು ಆಯುಧ ಪೂಜೆ ಮಾಡಿದರು. ಹಲ್ಲು ಕೀಳುವ ಇಕ್ಕಳಗಳು, ಡ್ರಿಲ್ಲು, ಕುರ್ಚಿ, ಎಲ್ಲಕ್ಕೂ ಕುಂಕುಮ, ಚೆಂಡುಹೂವು. ರಾಡಿಗೆ ಮಾತ್ರ ವಿಶೇಷ ಮರ್ಯಾದೆ, ಎರಡು ಪ್ಲೇಟಿಗೂ ವಿಭೂತಿ. ನೈವೇದ್ಯಕ್ಕೆ ಹಂಸಾಬೆನ್ ಬೆಳಿಗ್ಗೆ ಅಂಗಡಿಯ ಮುಂದಿನ ಸಾಲಿನಲ್ಲಿ ನಿಂತು ತಂದ ಕಡಲೆಹಿಟ್ಟಿನ ಫಾಫ್ಡಾ, ಜಿಲೇಬಿ. ಹಂಸಾಬೆನ್‌ಗೆ ಆ ರಾಡು ಕಂಡರೆ ಭಯ, ನೆಲ ಒರೆಸುವಾಗಲೂ ಅದರ ಕೆಳಗೆ ಕೋಲು ಚಾಚಿ ದೂರದಿಂದಲೇ ಒರೆಸುವವರು. ಅವತ್ತು ಮಾತ್ರ ಹತ್ತಿರ ಬಂದು ಕೈ ಮುಗಿದು ಏನೋ ಪಿಸುಗುಟ್ಟಿದರು. ಏನು ಬೇಡಿಕೊಂಡಿರಿ ಅಂತ ಕೇಳಿದರೆ ಹೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ ಬಿಡಿ.

ಹಲ್ಲು ಕೀಳುವುದನ್ನು ನಾನು ಒಂದೇ ಒಂದು ಸಲ ಹತ್ತಿರದಿಂದ ನೋಡಿದ್ದು, ನನ್ನ ಜೊತೆ ಫ್ಲ್ಯಾಟಿನಲ್ಲಿದ್ದ ಗೆಳತಿಯನ್ನು ಕರೆದುಕೊಂಡು ಹೋದಾಗ. ನನಗೆ ಆಶ್ಚರ್ಯವಾದದ್ದು ಬಲಗೈ ಅಲ್ಲ, ಎಡಗೈ. ಬಲಗೈ ಇಕ್ಕಳ ಹಿಡಿದು ತನ್ನ ಪಾಡಿಗೆ ಮೆಲ್ಲಗೆ ಆಚೀಚೆ ಆಡಿಸುತ್ತಿತ್ತು. ಎಡಗೈಯ ಎರಡು ಬೆರಳು ಮಾತ್ರ ವಸಡಿನ ಎರಡು ಬದಿಗೆ ಕೂತು ಏನನ್ನೋ ಆಲಿಸುತ್ತಿದ್ದವು. ಅವರ ಕಣ್ಣು ಕೂಡ ಬಾಯೊಳಗೆ ಇರಲಿಲ್ಲ, ಕಿಟಕಿಯ ಆಚೆ ಇತ್ತು. ಆಮೇಲೆ ಕೇಳಿದ್ದಕ್ಕೆ ಹೇಳಿದರು, "ಕೀಳೂದು ಬಲಗೈ ಅಲ್ಲ ತಂಗಿ. ಹಲ್ಲು ಎಲ್ಲೆ ಸಡಲ ಆತು, ಎಲವು ಎಲ್ಲೆ ಬಿರೀಲಿಕ್ಕೆ ಹತ್ತದ, ಎಲ್ಲೆ ನಿಲ್ಲಸಬೇಕು, ಎಲ್ಲಾ ಈ ಎರಡು ಬೆರಳು ಹೇಳ್ತಾವ. ಬಲಗೈ ಬರೇ ಕೂಲಿ ಆಳು."

ಚಳಿಗಾಲ ಬಂತು. ಉತ್ತರಾಯಣದ ಹಬ್ಬಕ್ಕೆ ಹಾರಿಸಿದ ಗಾಳಿಪಟಗಳು ಮರ, ಕಂಬಗಳಿಗೆ ಸಿಕ್ಕಿ ಹರಿದು ನೇತಾಡುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಎಂದಿನಂತೆ ಹೋದೆ. ಅವರು ತಮ್ಮ ಸರದಿ ಮುಗಿಸಿ ಕನ್ನಡಿ ಹಿಡಿದರು. ಚುಕ್ಕೆ ಕ್ಯಾಲೆಂಡರಿನ ಮೇಲೆ ಕದಲದೆ ಕೂತಿತ್ತು. "ನೋಡಿದೀ?" ಎಂದು ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು. "ದೀಪಾವಳಿ ಹೋತು, ಉತ್ತರಾಯಣ ಹೋತು. ಒಂದು ಕೂದಲೆಳಿ ಅಲ್ಲಾಡಿಲ್ಲ. ಆ ಸ್ಪೆಷಲಿಸ್ಟ್ ಮುಂದ ಹೋಗಿ ಈ ಬೆಳಕು ತೋರಸ್ತೀನಿ."

ನನ್ನ ಸರದಿ. ಮಣೆ ಹತ್ತಿ, ರಾಡು ಹಿಡಿದು, ಮುಂದೆ ಬಂದು ಎತ್ತಿದೆ. ಹಿಂದಿನಿಂದ ಎರಡು ಬೆರಳು ಬಂದು ಕೂತವು.

"ಹಿಡಿ."

ಹಿಡಿದೆ.

"ಹಿಡೀಲಿಲ್ಲ ನೀ. ಹಿಡಿ."

ಇನ್ನೂ ಬಿಗಿಯಾಗಿ ಹಿಡಿದೆ.

"ಏನ್ ನಿದ್ದಿಗಣ್ಣಾಗ ಬಂದೀ ಏನು? ಬರೇ ಭುಜ ಎತ್ತೀ. ಹಿಂದ ತಗೊಂಡು ಬೆರಳು ಹಿಡಿಯವಾ!"

"ಹಿಡಿದಿದ್ದೀನಿ ಡಾಕ್ಟ್ರೇ," ಅಂದೆ. ಉಸಿರು ಕಟ್ಟುತ್ತಿತ್ತು. ಅವರ ಬೆರಳ ಗೆಣ್ಣು ನನ್ನ ಎರಡು ಮೂಳೆಗಳ ನಡುವೆ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು, ನನಗೆ ನೋಯುವಷ್ಟು.

"ನೀ ಹೇಳೂದು ಬ್ಯಾಡ. ಹಿಡಿ."

"ಅಯ್ಯೋ, ಹಿಡಿದಿದ್ದೀನಿ ಅಂತಿದ್ದೀನಲ್ಲ!"

ನನ್ನ ಕಣ್ಣೆದುರು ಕ್ಯಾಲೆಂಡರು. ಹಿಂದೆ ಏನು ನಡೆಯುತ್ತಿದೆ ಕಾಣದು. ಸ್ವಲ್ಪ ಹೊತ್ತಿಗೆ ಆ ಎರಡು ಬೆರಳು ಹೊರಬಂದವು. ಬೇರೆ ಎರಡು ಬೆರಳು ಅದೇ ಜಾಗಕ್ಕೆ ಬಂದವು, ಬೆಚ್ಚಗೆ, ಅಂಜುತ್ತಾ. ಬಲಗೈಯವು.

"ಹೂಂ," ಅಂದರು. "ಹಿಡದೀ. ಭಾಳ ಛಲೋ ಹಿಡದೀ. ರಾಡು ಇಡು ಇನ್ನ."

ನಾನು ರಾಡು ಇಟ್ಟು ತಿರುಗಿದಾಗ ಅವರು ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಚಿವುಟಿ ನೋಡುತ್ತಿದ್ದರು. ಎಷ್ಟು ತಿಂಗಳಿಂದ ನಾವಿಬ್ಬರೂ ಗೋಡೆಯ ಮೇಲಿನ ಬೆಳಕು ನೋಡುತ್ತಾ ನಿಂತಿದ್ದೆವು! ಕೈ ನಡುಗುತ್ತದೋ ಇಲ್ಲವೋ ಅನ್ನುವುದೊಂದೇ ಚಿಂತೆ. ಕೈ ನಡುಗಲಿಲ್ಲ, ನಿಜ. ಕಲ್ಲಿನಂತೆ ನಿಂತಿತ್ತು. ಕಲ್ಲೇ ಆಗುತ್ತಿತ್ತು ಅಂತ ಅವರಿಗೂ ಹೊಳೆಯಲಿಲ್ಲ, ನನಗಂತೂ ಹೊಳೆಯುವ ಮಾತೇ ಇಲ್ಲ. ಎಲ್ಲರ ಬಾಯಿ ತೆಗೆಸಿ ನೋಡಿದವರು ತಮ್ಮ ಬೆರಳನ್ನು ಮಾತ್ರ ಹೀಗೆ ಚಿವುಟಿ ನೋಡಿರಲಿಲ್ಲ.

"ಡಾಕ್ಟ್ರೇ, ಚಳಿಗೆ ಇರಬಹುದು," ಅಂದೆ.

"ಇರಬಹುದು," ಅಂದರು. ಮಕ್ಕಳನ್ನು ಸಮಾಧಾನ ಮಾಡುವವರ ಹಾಗೆ.

ಅವತ್ತು ಮೊದಲ ರೋಗಿಗೆ ದವಡೆಹಲ್ಲು ಕೀಳುವುದಿತ್ತು. ಹಳೆಯ ಪರಿಚಯದ ಮುದುಕರೊಬ್ಬರು ಆಗಲೇ ಹಾಲಿನಲ್ಲಿ ಬಂದು ಕೂತಿದ್ದರು. ಡಾಕ್ಟರು ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, ಬೇರೆ ಡಾಕ್ಟರ ಹತ್ತಿರ ಹೋಗಿ, ನಾನೇ ಫೋನ್ ಮಾಡಿ ಹೇಳುತ್ತೇನೆ ಅಂದರು. ಮುದುಕರು ಒಪ್ಪಲೊಲ್ಲರು. "ತಮಾರಾ ಹಾಥೇ ಜ ಕಢಾವವೋ ಛೇ, ಬೆನ್." ನಿಮ್ಮ ಕೈಯಿಂದಲೇ ತೆಗೆಸಬೇಕು ಅಂತ. ಇವರು ಎಡಗೈ ಎತ್ತಿ ತೋರಿಸಿದರು. "ಹಾಥ್ ನಥೀ ಮಾನತೋ, ಕಾಕಾ." ಕೈ ಮಾತು ಕೇಳುತ್ತಿಲ್ಲ. ಮುದುಕರು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟರು. ಹಂಸಾಬೆನ್ ಒಳಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅಳುತ್ತಿದ್ದರು. ನಾನು ಆಫೀಸಿಗೆ ಹೋಗಲಿಲ್ಲ.

ಹೇಳಿದ ಹಾಗೆ ಅದೇ ದಿನ ಬಾಗಿಲು ಹಾಕಿದರು. ಶುಕ್ರವಾರ ಶುಭ, ಅಮಾವಾಸ್ಯೆ ಅಶುಭ ಅಂತೇನೂ ನೋಡಲಿ‌ಲ್ಲ. ಆಪರೇಷನ್ ಅಹಮದಾಬಾದಿನಲ್ಲಾಯಿತು. ಹೊರಟ ದಿನ ಕಾರಿನಲ್ಲಿ ಅವರ ಭುಜ ಎರಡೂ ಕಿವಿಯ ಹತ್ತಿರ ಇದ್ದವು. ನಾನು ನೋಡಿದ್ದನ್ನು ನೋಡಿ, "ಎಷ್ಟು ಎತ್ತಿದ್ರೂ ಇಳೀವಲ್ಲವು ನೋಡು" ಅಂದರು. ಆಪರೇಷನ್ ಆದ ಮೇಲೆ ನೋವೆಲ್ಲ ಹೋಯಿತು, ಕತ್ತು ನೆಟ್ಟಗಾಯಿತು. ಆ ಎರಡು ಬೆರಳಿಗೆ ಮುಟ್ಟಿದ್ದು ತಿಳಿಯುವುದು ಮಾತ್ರ ಮರಳಲಿಲ್ಲ. ತಡವಾಯಿತು ಅಂದರಂತೆ ಸ್ಪೆಷಲಿಸ್ಟ್.

ನಾನೀಗ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಇದ್ದೇನೆ. ಕೆಲಸ ಬದಲಾಯಿಸಿದೆ, ಕತ್ತು ಚಾಚಿ ಕೂರುವುದು ಮಾತ್ರ ಬದಲಾಗಿಲ್ಲ. ಮನೆ ಹತ್ತಿರದ ಜಿಮ್ಮಿನಲ್ಲಿ ರಾಡಿಗೆ ಬೆನ್ನು ಮಾಡಿ ನಿಂತರೆ ಟ್ರೈನರ್ ಓಡಿ ಬಂದು, "ಮೇಡಂ, ಆಗೇ ಸೇ" ಅನ್ನುತ್ತಾನೆ. ಮುಂದಿನಿಂದ ಹಿಡೀರಿ ಅಂತ. ನನಗೆ ಹಿಂದಿನಿಂದಲೇ ಬರುವುದು ಅಂತ ಹೇಳಿ ಎತ್ತುತ್ತೇನೆ. ಮೇಲೆ ಹೋಗಿ ತಡೆದಾಗ ಬೆನ್ನು ತಾನಾಗಿ ನಡುವೆ ಏನನ್ನೋ ಹುಡುಕುತ್ತದೆ. ಆ ತೇಗದ ಮಣೆ ನನ್ನ ಮನೆಯಲ್ಲಿದೆ. ಅದರ ಮೇಲೆ ಕೂತು ಊಟ ಮಾಡುತ್ತೇನೆ, ಬೆನ್ನು ನೆಟ್ಟಗಿಟ್ಟುಕೊಂಡು.

ಮಣೆ ಕೊಟ್ಟದ್ದು ಕೊನೆಯ ಸಲ ಕಂಡಾಗ. ವಡೋದರಾ ಬಿಡುವ ಮುನ್ನ ಹೇಳಿ ಬರಲು ಅವರ ಮನೆಗೆ ಹೋಗಿದ್ದೆ. ಅವರೂ ಊರು ಬಿಡುವ ತಯಾರಿಯಲ್ಲಿದ್ದರು. ಧಾರವಾಡದ ಹಲ್ಲಿನ ಕಾಲೇಜಿನಲ್ಲಿ ಹಳೆಯ ಗೆಳತಿಯೊಬ್ಬರು, ಕಲಿಯುವ ಮಕ್ಕಳಿಗೆ ಕೂರುವುದು, ನಿಲ್ಲುವುದು ಹೇಳಿಕೊಡು ಬಾ ಎಂದು ಕರೆದಿದ್ದರಂತೆ. "ಹೋಗ್ತೀನಿ. ಬಗ್ಗಿ ಹಾಳಾಗಬ್ಯಾಡ್ರಿ ಅಂತ ಬೈಲಿಕ್ಕೆ ಬಾಯಿ ಅದಲ್ಲ," ಅಂದರು. ಅವಲಕ್ಕಿ ಕೊಟ್ಟರು. ರಾಡನ್ನು ಯಾರಿಗೆ ಕೊಟ್ಟಿರಿ ಅಂತ ಕೇಳಿದೆ. ಹಂಸಾಬೆನ್ ಮನೆಗೆ ಒಯ್ದಿದ್ದಾರಂತೆ, ಬಟ್ಟೆ ಒಣಗಿಸುವುದಕ್ಕೆ! ನಗು ತಡೆಯಲಾಗಲಿಲ್ಲ ಇಬ್ಬರಿಗೂ.

ಹೊರಡಲು ಎದ್ದಾಗ, "ತಡಿ" ಅಂದರು. ಅಡುಗೆಮನೆಗೆ ಹೋಗಿ ಚಪಾತಿ ಲಟ್ಟಣಿಗೆ ತಂದು ನನ್ನ ಕೈಗಿಟ್ಟರು. "ಹಿಂದ ಹಿಡಿ. ಎತ್ತು."

ಲಟ್ಟಣಿಗೆಯನ್ನು ಬೆನ್ನ ಹಿಂದೆ ಎರಡೂ ಕೈಯಲ್ಲಿ ಹಿಡಿದು ನಿಂತೆ. ಭುಜ ಮೇಲೆತ್ತಿದೆ, ಹಿಂದೆ ತಂದೆ. ಎರಡು ಬೆರಳು ಬಂದು ಎಂದಿನ ಜಾಗದಲ್ಲಿ ಕೂತವು. ಎಡಗೈಯವೇ. ತಣ್ಣಗಿದ್ದವು.

"ಹಿಡಿ."

ಇದ್ದಬದ್ದ ಶಕ್ತಿಯನ್ನೆಲ್ಲ ಬೆನ್ನಿಗೆ ತಂದು ಹಿಡಿದೆ. ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಅವನ ದನಿ ತಿರುವು ದಾಟುವವರೆಗೂ ಹಿಡಿದೇ ನಿಂತೆ.

"ಹಿಡಿದಿದ್ದೀನಿ ಡಾಕ್ಟ್ರೇ," ಅಂದೆ.

"ಹೌದಾ?" ಅಂದರು. "ನೀ ಹೇಳ್ತೀ ಅಂದ್ರ ಹಿಡದೀ."

ಬೆರಳು ತೆಗೆಯಲಿಲ್ಲ. ನಾನೂ ಬಿಡಲಿಲ್ಲ.